ದುರಂತದ ಮರುಗಳಿಗೆ

2025ರ ಜೂನ್ 12ರ ಮಧ್ಯಾಹ್ನ ಅಹಮದಾಬಾದಿನಿಂದ ಲಂಡನ್ನಿಗೆ ಹೊರಟ ಏರ್ ಇಂಡಿಯಾ 171 ವಿಮಾನ, ಮೇಲೆದ್ದು ಒಂದು ನಿಮಿಷವೂ ಆಗುವ ಮೊದಲೇ ಬಿ.ಜೆ. ವೈದ್ಯಕೀಯ ಕಾಲೇಜಿನ ಹಾಸ್ಟೆಲ್ ಮೇಲೆ ಬಿತ್ತು. ಒಳಗಿದ್ದ 242 ಮಂದಿಯಲ್ಲಿ ಬದುಕಿದವರು ಒಬ್ಬರೇ. ಕೆಳಗಿದ್ದವರಲ್ಲಿ 19 ಮಂದಿ ಹೋದರು. ವಾಟ್ಸಾಪಿನಲ್ಲಿ ಆಗಲೇ ಮೂರು ಬಗೆಯ ಸರಕು ಓಡಾಡತೊಡಗಿತ್ತು: ಸುಟ್ಟ ದೇಹಗಳ ಫೋಟೊ, ಎಐ ಬಳಸಿ ಮಾಡಿದ ಸುಳ್ಳು ಚಿತ್ರ, ಪೈಲಟ್ ಎಲ್ಲಿ ತಪ್ಪಿದ ಎಂಬ ತೀರ್ಪು. ನಡುವೆ ಒಂದು ನಕಲಿ ‘ಪ್ರಾಥಮಿಕ ವರದಿ’ಯೂ ಸುತ್ತು ಹೊಡೆಯಿತು. ಅಸಲಿ ವರದಿ ಹೊರಬಿದ್ದದ್ದು ಜುಲೈ 12ರಂದು.

ಜನರ ಮನಸ್ಸು ಕಲ್ಲಾಗಿದೆ ಎಂದು ಪ್ರತಿ ಸಲ ಬೈದು ಸುಮ್ಮನಾಗುತ್ತೇವೆ. ಆ ಬೈಗುಳ ಯಾರಿಗೂ ತಾಗುವುದಿಲ್ಲ. ಕಲ್ಲುಮನಸ್ಸು ತನ್ನದಲ್ಲ, ಪಕ್ಕದವನದು ಎಂದೇ ಎಲ್ಲರ ನಂಬಿಕೆ. ಅದಕ್ಕಿಂತ, ನಮ್ಮ ಅಸಡ್ಡೆ ಹೋಗಿ ಮುಟ್ಟುವುದು ಎಲ್ಲಿಗೆ ಎಂದು ನೋಡುವುದು ಮೇಲು. ಹಾಗೆ ನೋಡಿದರೆ ಪ್ರತಿಯೊಂದು ಅಸಡ್ಡೆಗೂ ಗೊತ್ತಾದ ಒಂದು ವಿಳಾಸವಿದೆ. ಒಂದು ಆಂಬುಲೆನ್ಸ್ ತಿರುಗಲಾಗದ ರಸ್ತೆಗೆ ಹೋಗುತ್ತದೆ, ಇನ್ನೊಂದು ಶವಾಗಾರದ ಗುರುತಿನ ಮೇಜಿಗೆ, ಮತ್ತೊಂದು ಇನ್ನೂ ಸುದ್ದಿ ತಿಳಿಯದ ತಾಯಿಯ ಫೋನಿಗೆ.

ರಸ್ತೆಯಿಂದಲೇ ಶುರುಮಾಡೋಣ. 2023ರ ಜೂನ್ 2ರ ಸಂಜೆ ಒಡಿಶಾದ ಬಹಾನಗಾ ಬಜಾರ್ ನಿಲ್ದಾಣದಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ ಮುಖ್ಯ ಹಳಿ ಬಿಟ್ಟು ಪಕ್ಕದ ಲೂಪ್ ಲೈನಿಗೆ ನುಗ್ಗಿ ಗೂಡ್ಸ್ ರೈಲಿಗೆ ಗುದ್ದಿತು. ಹಳಿ ತಪ್ಪಿದ ಬೋಗಿಗಳು ಬೆಂಗಳೂರು–ಹೌರಾ ರೈಲಿಗೂ ಬಡಿದವು. ರಕ್ಷಣಾ ಪಡೆ ಬರುವ ಮೊದಲು ಜನರನ್ನು ಎಳೆದು ಹೊರಹಾಕಿದವರು ಅಕ್ಕಪಕ್ಕದ ಊರಿನವರೇ. ಹಾಗಾಗಿ ‘ಸ್ಥಳಕ್ಕೆ ಯಾರೂ ಹೋಗಬೇಡಿ’ ಎಂಬ ಬೋಧನೆ ಅರ್ಧ ಸತ್ಯ. ಮೊದಲ ಅರ್ಧ ಗಂಟೆ ಬದುಕಿಸುವವರು ಹತ್ತಿರದವರು. ತೊಂದರೆ ಕೊಡುವವರು ಅವರ ಹಿಂದೆ ಬೈಕಿನಲ್ಲಿ ನೋಡಲು ಬರುವವರು. ಹಳ್ಳಿ ರಸ್ತೆಯ ಎರಡೂ ಬದಿಯಲ್ಲಿ ಬೈಕು ನಿಂತರೆ ನಡುವೆ ಒಂದು ಆಂಬುಲೆನ್ಸ್ ಹೋಗಬಹುದು, ಎದುರಿನಿಂದ ಬರುವ ಇನ್ನೊಂದಕ್ಕೆ ಜಾಗವಿರದು. ಅಲ್ಲಿಗೆ ಗಾಯಾಳುಗಳ ಸಾಗಾಟವೇ ನಿಂತಂತೆ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದಾಗ, ನೋಡಲೆಂದು ಬರಬೇಡಿ ಎಂದು ಕೇರಳ ಪೊಲೀಸರು ಬಹಿರಂಗವಾಗಿ ಬೇಡಿಕೊಳ್ಳಬೇಕಾಯಿತು.

ನೀವು ನಿಜಕ್ಕೂ ಸ್ಥಳದಲ್ಲಿದ್ದರೆ ಮೊದಲು 112ಕ್ಕೆ ಕರೆ ಮಾಡಿ. ‘ಊರ ಹತ್ತಿರ’ ಎಂದರೆ ಸಾಲದು. ಹೆದ್ದಾರಿಯಾದರೆ ಕಿಲೋಮೀಟರ್ ಕಲ್ಲಿನ ಸಂಖ್ಯೆ, ರೈಲು ಹಳಿಯಾದರೆ ಪಕ್ಕದ ವಿದ್ಯುತ್ ಕಂಬದ ಮೇಲೆ ಬರೆದ ಸಂಖ್ಯೆ ಹೇಳಿ. ಹರಿದು ಬಿದ್ದ ರೈಲ್ವೆ ತಂತಿಯಲ್ಲಿ 25,000 ವೋಲ್ಟ್ ಇರಬಹುದು. ವಿದ್ಯುತ್ ಕಡಿದಿದೆ ಎಂದು ರೈಲ್ವೆಯವರು ಹೇಳುವ ತನಕ ಬೋಗಿಯ ಮೇಲೆ ಹತ್ತಬೇಡಿ. ಗುಂಪಿನತ್ತ ತಿರುಗಿ ‘ಯಾರಾದರೂ ಬನ್ನಿ’ ಎಂದು ಕೂಗಿದರೆ ಯಾರೂ ಬರುವುದಿಲ್ಲ, ಪ್ರತಿಯೊಬ್ಬನೂ ಇನ್ನೊಬ್ಬನ ಮುಖ ನೋಡುತ್ತಾನೆ. ‘ನೀಲಿ ಅಂಗಿಯವರೇ, ನೀವು ಈ ಕಡೆ ಹಿಡಿಯಿರಿ’ ಎಂದು ಬೆರಳು ಮಾಡಿ ಕರೆದರೆ ಅದೇ ಮನುಷ್ಯ ಓಡಿಬರುತ್ತಾನೆ. ಗುಂಪಿನ ಉದಾಸೀನದಲ್ಲಿ ಅರ್ಧ ಪಾಲು ಬರೀ ಗೊಂದಲ.

ಉಳಿದರ್ಧ ಪೊಲೀಸ್ ಠಾಣೆಯ ಭಯ. ಅದೂ ಸುಮ್ಮಸುಮ್ಮನೆ ಹುಟ್ಟಿದ್ದಲ್ಲ, ಸಹಾಯ ಮಾಡಿದವರನ್ನೇ ಸಾಕ್ಷಿ ಎಂದು ಅಲೆಸಿದ ಕಾಲವಿತ್ತು. ರಸ್ತೆ ಅಪಘಾತದ ಮಟ್ಟಿಗೆ ಈಗ ಕಾನೂನು ಬದಲಾಗಿದೆ. 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ನೆರವಾದವರನ್ನು ಕಾಯುವ ಮಾರ್ಗಸೂಚಿಗೆ ಒಪ್ಪಿಗೆ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೆಕ್ಷನ್ ಸೇರಿತು. ಒಳ್ಳೆಯ ಮನಸ್ಸಿನಿಂದ ನೆರವಾದವನ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಹೊಣೆ ಹೊರಿಸುವಂತಿಲ್ಲ, ಹೆಸರು ಹೇಳು ಎಂದು ಒತ್ತಾಯಿಸುವಂತಿಲ್ಲ. ಕರ್ನಾಟಕ ಇದಕ್ಕೂ ಮೊದಲೇ 2016ರಲ್ಲಿ ತನ್ನದೇ ಕಾಯ್ದೆ ಮಾಡಿತ್ತು. ಕಾನೂನು ಬಂದಿದ್ದು ಗೊತ್ತಿರುವವರು ಕಡಿಮೆ, ಭಯ ಗೊತ್ತಿರುವವರು ಹೆಚ್ಚು.

ಇನ್ನು ಫೋಟೊ. ‘ಯಾರಾದರೂ ಗುರುತಿಸಲಿ ಅಂತ ಹಾಕಿದೆ’ ಎನ್ನುವ ಸಮಜಾಯಿಷಿ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಇಲ್ಲೇ. ಸಾಮೂಹಿಕ ಸಾವಿನಲ್ಲಿ ಮುಖ ನೋಡಿ ಗುರುತಿಸುವುದು ನೆಚ್ಚಿಕೊಳ್ಳುವ ವಿಧಾನವೇ ಅಲ್ಲ. ಮುಖ ಊದಿಕೊಂಡಿರುತ್ತದೆ, ಸುಟ್ಟಿರುತ್ತದೆ. ನೋಡುವವರು ಆಘಾತದಲ್ಲಿರುತ್ತಾರೆ, ಒಂದೇ ಬಗೆಯ ಅಂಗಿ ನಾಲ್ಕು ಜನರ ಮೈಮೇಲಿರುತ್ತದೆ. ಅಂತರರಾಷ್ಟ್ರೀಯ ಪೊಲೀಸ್ ಸಂಸ್ಥೆಯಾದ ಇಂಟರ್‌ಪೋಲ್‌ನ ಪದ್ಧತಿಯಲ್ಲಿ ಮುಖ್ಯ ಗುರುತುಗಳು ಮೂರೇ: ಬೆರಳಚ್ಚು, ಹಲ್ಲು, ಡಿಎನ್ಎ. ಬದುಕಿದ್ದಾಗಿನ ವಿವರ ಹಳದಿ ನಮೂನೆಯಲ್ಲಿ, ದೇಹದ ಮೇಲೆ ಕಂಡದ್ದು ಗುಲಾಬಿ ನಮೂನೆಯಲ್ಲಿ ದಾಖಲಾಗುತ್ತದೆ. ಎರಡೂ ತಾಳೆಯಾದ ಮೇಲೆಯೇ ದೇಹವನ್ನು ಮನೆಯವರಿಗೆ ಒಪ್ಪಿಸುವುದು. ಈ ನಡುವೆ ಫಾರ್ವರ್ಡ್ ಆದ ಫೋಟೊ ನೋಡಿ ‘ಇದು ನಮ್ಮವನೇ’ ಎಂದು ಪಟ್ಟುಹಿಡಿದು ಬರುವ ಕುಟುಂಬ, ಎರಡನೆಯ ಕುಟುಂಬದ ದೇಹವನ್ನು ಕೊಂಡೊಯ್ಯುವ ಅಪಾಯವಿದೆ. ಒಮ್ಮೆ ಚಿತೆಗೇರಿದರೆ ಸರಿಪಡಿಸಲು ಏನೂ ಉಳಿಯುವುದಿಲ್ಲ. ಬಹಾನಗಾದಲ್ಲಿ ಒಂದೇ ದೇಹಕ್ಕೆ ಒಂದಕ್ಕಿಂತ ಹೆಚ್ಚು ಮನೆಯವರು ಬಂದಿದ್ದರು, ಭುವನೇಶ್ವರದ ಏಮ್ಸ್‌ನಲ್ಲಿ ಡಿಎನ್ಎ ಮಾದರಿ ತೆಗೆದು ಕಾಯಬೇಕಾಯಿತು. ಕೊನೆಗೂ ಯಾರೂ ಬಾರದ 28 ದೇಹಗಳಿಗೆ ಅಂತ್ಯಕ್ರಿಯೆ ಆದದ್ದು ಅಕ್ಟೋಬರಿನಲ್ಲಿ.

ಅಂಥ ಚಿತ್ರ ಕೈಗೆ ಬಂದರೆ ಸರ್ಕಾರ ಕೊಟ್ಟ ಸಹಾಯವಾಣಿಗೆ ಮಾತ್ರ ಕಳಿಸಿ, ಗುಂಪಿಗಲ್ಲ. ಕಾಣೆಯಾದವರ ಮನೆಯವರು ಪರಿಚಿತರಾಗಿದ್ದರೆ ಅವರಿಗೆ ಬೇಕಾದದ್ದು ಬೇರೆ: ಹಲ್ಲುಜ್ಜುವ ಬ್ರಷ್, ಬಾಚಣಿಗೆ, ಹಲ್ಲಿನ ಎಕ್ಸ್‌ರೇ, ಮೂಳೆಗೆ ಸರಳು ಹಾಕಿಸಿದ್ದರೆ ಆ ಆಸ್ಪತ್ರೆಯ ಕಾಗದ, ಹಲ್ಲು ಕಾಣುವಂತೆ ನಕ್ಕ ಒಂದು ಫೋಟೊ. ಡಿಎನ್ಎಗೆ ತಂದೆತಾಯಿ ಅಥವಾ ಮಕ್ಕಳ ರಕ್ತ ಒಡಹುಟ್ಟಿದವರದ್ದಕ್ಕಿಂತ ಖಚಿತ. ಬ್ರಷ್ ತೊಳೆಯಬೇಡಿ, ಕಾಗದದ ಲಕೋಟೆಯಲ್ಲಿಡಿ. ಪ್ಲಾಸ್ಟಿಕ್‌ನಲ್ಲಿಟ್ಟರೆ ತೇವಕ್ಕೆ ಹಾಳಾಗುತ್ತದೆ.

ಸಾವಿನ ಲೆಕ್ಕದ ಬಗ್ಗೆಯೂ ಒಂದು ಮಾತು. ಬಹಾನಗಾದಲ್ಲಿ ಮೊದಲು 288 ಎಂದರು, ಮರುದಿನ 275 ಎಂದರು. ‘ಮುಚ್ಚಿಡುತ್ತಿದ್ದಾರೆ’ ಎಂದು ಗುಲ್ಲೆದ್ದಿತು. ಕೆಲವು ದೇಹಗಳು ಎರಡು ಸಲ ಎಣಿಕೆಯಾಗಿದ್ದವು, ಅಷ್ಟೇ. ಸ್ಥಳದಲ್ಲಿ ಒಮ್ಮೆ, ಸಾಗಿಸಿದ ಕಡೆ ಇನ್ನೊಮ್ಮೆ ಬರೆದರೆ ಹೀಗಾಗುತ್ತದೆ. ಆಸ್ಪತ್ರೆಯಲ್ಲಿ ಸತ್ತವರು ಸೇರಿ ಆಮೇಲೆ ಅದು ಮತ್ತೆ ಏರಿ 290 ದಾಟಿತು. ಸರ್ಕಾರಗಳು ಲೆಕ್ಕ ಮುಚ್ಚಿಡುವುದೇ ಇಲ್ಲ ಎಂದು ಯಾರೂ ಹೇಳಲಾರರು. ಆದರೆ ಮೊದಲ ಮೂರು ದಿನದ ಅಂಕಿ ಏರಿಳಿಯುವುದು ಪಿತೂರಿಗೆ ಪುರಾವೆಯಲ್ಲ.

ಅದೇ ಅಪಘಾತದಲ್ಲಿ ಹಳಿಯ ಪಕ್ಕ ಮಸೀದಿ ಇದೆ ಎಂದು ಒಂದು ಚಿತ್ರಕ್ಕೆ ಬಾಣದ ಗುರುತು ಹಾಕಿ ಹಂಚಿದರು. ಅದು ಇಸ್ಕಾನ್ ದೇವಸ್ಥಾನ. ಕೋಮು ಬಣ್ಣ ಬಳಿಯಬೇಡಿ ಎಂದು ಒಡಿಶಾ ಪೊಲೀಸರು ಎಚ್ಚರಿಕೆ ಕೊಟ್ಟರು. ತನಿಖೆಯಲ್ಲಿ ಸಿಕ್ಕ ಕಾರಣ ಸಿಗ್ನಲ್ ಸರ್ಕ್ಯೂಟಿನ ಕೆಲಸದಲ್ಲಾದ ಲೋಪ. ವೈರಿಂಗಿನ ತಪ್ಪಿಗೆ ಯಾವ ಧರ್ಮವನ್ನು ಬೈಯುವುದು? ದುರಂತದ ಬಗ್ಗೆ ಸುಳ್ಳು ಎಚ್ಚರಿಕೆ ಹಬ್ಬಿಸಿ ಗಾಬರಿ ಹುಟ್ಟಿಸಿದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯ 54ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು ಅಥವಾ ದಂಡವಿದೆ. ‘ಬಂದದ್ದನ್ನು ಹಾಗೇ ಕಳಿಸಿದೆ’ ಎಂಬ ಸಾಲು ಮೇಲೆ ಹಾಕಿದ ಮಾತ್ರಕ್ಕೆ ಹೊಣೆ ತಪ್ಪದು.

ಸತ್ತವರನ್ನೇ ಬೈಯುವ ಚಾಳಿ ಇದೆಲ್ಲಕ್ಕಿಂತ ಹಳೆಯದು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಆರ್‌ಸಿಬಿ ಗೆಲುವಿನ ಸಂಭ್ರಮದ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ‘ಯಾಕೆ ಹೋಗಬೇಕಿತ್ತು’, ‘ಕ್ರಿಕೆಟ್ ಹುಚ್ಚು’, ‘ಮನೆಯಲ್ಲಿ ಹೇಳುವವರಿರಲಿಲ್ಲವೆ’ ಎಂಬ ಮಾತುಗಳು ಅಂದೇ ರಾತ್ರಿ ಶುರುವಾದವು. ಗುಂಪಿನಲ್ಲಿ ಸಾವು ಹೇಗಾಗುತ್ತದೆ ಎಂಬುದು ತಿಳಿದಿದ್ದರೆ ಈ ಮಾತು ಬಾಯಿಗೆ ಬರುತ್ತಿರಲಿಲ್ಲ. ಒಂದು ಚದರ ಮೀಟರಿನಲ್ಲಿ ನಾಲ್ಕು ಜನರಿದ್ದಾಗ ನಿಮ್ಮ ಹೆಜ್ಜೆ ನಿಮ್ಮ ಕೈಲಿರುತ್ತದೆ. ಐದು ದಾಟಿದರೆ ಅಪಾಯ ಶುರು. ಆರೇಳಾದರೆ ಜನ ಜನರಾಗಿ ಉಳಿಯುವುದಿಲ್ಲ, ನೀರಿನ ಹಾಗೆ ಅಲೆಯಾಗಿ ಹೊಯ್ದಾಡುತ್ತಾರೆ. ಹಿಂದಿನವನಿಗೆ ಮುಂದೇನಾಗುತ್ತಿದೆ ಎಂದು ಕಾಣುವುದೇ ಇಲ್ಲ, ಗೇಟು ತೆರೆಯಿತೆಂದು ಅವನು ಒಂದು ಹೆಜ್ಜೆ ಮುಂದಿಡುತ್ತಾನೆ. ಅಂಥ ನೂರಾರು ಹೆಜ್ಜೆಗಳ ಭಾರ ಗೇಟಿನ ಬಳಿ ಇರುವವರ ಎದೆಯ ಮೇಲೆ ಬೀಳುತ್ತದೆ. ಅನೇಕರು ಸಾಯುವುದು ಕಾಲಡಿ ಸಿಕ್ಕಲ್ಲ, ಎದೆ ಅದುಮಿ ಉಸಿರೆಳೆಯಲಾಗದೆ, ಕೆಲವೊಮ್ಮೆ ನಿಂತಲ್ಲೇ. ಇದರಲ್ಲಿ ಹುಚ್ಚಿನ ಪಾತ್ರ ಕಡಿಮೆ. ಗೇಟಿನ ಅಗಲ, ತೆರೆದ ಸಮಯ, ಉಚಿತ ಪ್ರವೇಶದ ಸುದ್ದಿ, ಹಿಂದಿನವರಿಗೆ ಮಾಹಿತಿ ಕೊಡುವ ಮೈಕು ಇಲ್ಲದಿರುವುದು, ಇವೇ ಕೊಲ್ಲುವುದು. ಸತ್ತವನ ಬುದ್ಧಿಯನ್ನು ಆಡಿಕೊಳ್ಳುವವರು ಗೇಟಿನ ಲೆಕ್ಕ ಕೇಳುವುದನ್ನು ಮರೆಯುತ್ತಾರೆ. ಜವಾಬ್ದಾರರಿಗೆ ಇದಕ್ಕಿಂತ ಅನುಕೂಲ ಬೇರಿಲ್ಲ.

ಅಂಥ ಒತ್ತಡದಲ್ಲಿ ಸಿಕ್ಕವರಿಗೆ ಇಷ್ಟು: ಕೈಗಳನ್ನು ಮಡಚಿ ಎದೆಯ ಮುಂದೆ ಇಟ್ಟು ಉಸಿರಿಗೆ ಜಾಗ ಮಾಡಿಕೊಳ್ಳಿ. ಬಿದ್ದ ಫೋನು, ಚಪ್ಪಲಿಗೆ ಬಗ್ಗಬೇಡಿ. ಅಲೆಯ ಎದುರು ತಳ್ಳಬೇಡಿ. ಅದು ಸಡಿಲವಾದಾಗ ಓರೆಯಾಗಿ ಅಂಚಿಗೆ ಸರಿಯಿರಿ. ಗೋಡೆ, ಬ್ಯಾರಿಕೇಡಿನಿಂದ ದೂರವಿರಿ.

2008ರ ನವೆಂಬರ್ 26ರ ಮುಂಬೈ ದಾಳಿಯಲ್ಲಿ ಕಮಾಂಡೊಗಳು ಎಲ್ಲಿಂದ ಇಳಿಯುತ್ತಿದ್ದಾರೆ ಎಂಬುದನ್ನು ಟಿವಿ ನೇರವಾಗಿ ತೋರಿಸಿತು. ಗಡಿಯಾಚೆ ಕುಳಿತು ಫೋನಿನಲ್ಲಿ ನಿರ್ದೇಶನ ಕೊಡುತ್ತಿದ್ದವರೂ ಅದೇ ಟಿವಿ ನೋಡುತ್ತಿದ್ದರು. 2012ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ವಾಹಿನಿಗಳನ್ನು ಕಟುವಾಗಿ ಟೀಕಿಸಿತು. 2015ರಿಂದ ಕೇಬಲ್ ಟಿವಿ ನಿಯಮದ ಪ್ರಕಾರ ಭಯೋತ್ಪಾದನೆ ವಿರೋಧಿ ಕಾರ್ಯಾಚರಣೆಯನ್ನು ನೇರ ಪ್ರಸಾರ ಮಾಡುವಂತಿಲ್ಲ, ಗೊತ್ತುಪಡಿಸಿದ ಅಧಿಕಾರಿ ಆಗಾಗ ಕೊಡುವ ಮಾಹಿತಿ ಮಾತ್ರ. ಬಾಲ್ಕನಿಯಿಂದ ಲೈವ್ ಹೋಗುವ ಫೋನಿಗೂ ಕಾರಣ ಅದೇ ಅನ್ವಯಿಸುತ್ತದೆ.

ಕಾಶ್ಮೀರದ ಪಹಲ್ಗಾಮ್‌ನಲ್ಲಿ 2025ರ ಏಪ್ರಿಲ್ 22ರಂದು ಭಯೋತ್ಪಾದಕರ ದಾಳಿಗೆ 26 ಮಂದಿ ಹತರಾದ ಮೇಲೆ ಒಂದು ಜೋಡಿ ಕುಣಿಯುವ ವಿಡಿಯೊವನ್ನು ‘ಮೃತ ಅಧಿಕಾರಿಯ ಕೊನೆಯ ಕ್ಷಣ’ ಎಂದು ಎಲ್ಲರೂ ಕಣ್ಣೀರಿನೊಂದಿಗೆ ಹಂಚಿದರು. ಅದು ಬೇರೆ ಜೋಡಿ. ನಾವು ಬದುಕಿದ್ದೇವೆ ಎಂದು ಅವರೇ ಬಂದು ಹೇಳಬೇಕಾಯಿತು. ಕರುಣೆಯೂ ಪರಿಶೀಲನೆ ಇಲ್ಲದಿದ್ದರೆ ಕ್ರೂರವೇ. ಅದೇ ದಾಳಿಯಲ್ಲಿ ಗಂಡನನ್ನು ಕಳೆದುಕೊಂಡು ಎರಡು ವಾರವೂ ಆಗದ ಹೆಣ್ಣುಮಗಳು ಯಾವ ಸಮುದಾಯದ ಮೇಲೂ ದ್ವೇಷ ಬೇಡ ಎಂದದ್ದಕ್ಕೆ ಅವಳನ್ನೇ ಹೀನಾಯವಾಗಿ ಬೈದರು. ರಾಷ್ಟ್ರೀಯ ಮಹಿಳಾ ಆಯೋಗ ಅದನ್ನು ಖಂಡಿಸಿತು. ನೊಂದವರು ನಮ್ಮ ಇಷ್ಟದಂತೆಯೇ ಅಳಬೇಕು ಎಂಬ ಈ ಹಟ ಎಲ್ಲಿಂದ ಬಂತೋ!

ರಕ್ತದಾನದ ಓಟದಲ್ಲೂ ಒಂದು ತಿಳಿವಳಿಕೆ ಬೇಕು. ಇಂದು ಕೊಟ್ಟ ರಕ್ತ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಮುಗಿದ ಮೇಲಷ್ಟೇ ಬಳಕೆಗೆ ಸಿಗುತ್ತದೆ. ಮೊದಲ ಗಂಟೆಗಳಲ್ಲಿ ಜೀವ ಉಳಿಸುವುದು ಹಿಂದೆಯೇ ಯಾರೋ ಕೊಟ್ಟಿದ್ದ ದಾಸ್ತಾನು. ಎಲ್ಲರೂ ಒಂದೇ ದಿನ ಕೊಟ್ಟರೆ ಪ್ಲೇಟ್‌ಲೆಟ್ ಐದು ದಿನಕ್ಕೆ, ಕೆಂಪುಕಣ 35ರಿಂದ 42 ದಿನಕ್ಕೆ ಅವಧಿ ಮೀರುತ್ತದೆ. ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಮತ್ತೆ ಕೊಡುವಂತಿಲ್ಲ. ರಕ್ತನಿಧಿಗೆ ಕರೆ ಮಾಡಿ, ಬೇಕಾದ ಗುಂಪು ಕೇಳಿ, ಹೆಸರು ಬರೆಸಿ, ಕರೆದ ದಿನ ಹೋಗಿ. ಹಳೆ ಬಟ್ಟೆಯಂತೂ ಬೇಡವೇ ಬೇಡ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ಅವು ರಸ್ತೆಬದಿಯ ರಾಶಿಯಾಗಿ ಬಿದ್ದಿದ್ದವು.

ಸತ್ತವರ ಮನೆಗೆ ಹೋದಾಗ ‘ಪರಿಹಾರ ಎಷ್ಟು ಬಂತು’ ಎಂದು ಕೇಳುವವರು ಎಲ್ಲ ಊರಲ್ಲೂ ಇದ್ದಾರೆ. ‘ಧೈರ್ಯವಾಗಿರಿ’, ‘ದೇವರಿಗೆ ಒಳ್ಳೆಯವರೇ ಬೇಕು’, ‘ಇನ್ನೊಂದು ಮಗು ಇದೆಯಲ್ಲ’ ಎಂಬ ಮಾತುಗಳೂ ಅಷ್ಟೇ, ಹೇಳುವವರಿಗೆ ಸಮಾಧಾನ, ಕೇಳುವವರಿಗಲ್ಲ. ‘ಏನಾದರೂ ಬೇಕಿದ್ದರೆ ಹೇಳಿ’ ಎನ್ನುವುದೂ ಹೊರೆಯೇ. ಏನು ಬೇಕೆಂದು ಯೋಚಿಸುವ ಶಕ್ತಿ ಅವರಲ್ಲಿರುವುದಿಲ್ಲ. ಒಂದು ಕೆಲಸ ಹಿಡಿದು ‘ಇದನ್ನು ನಾನು ನೋಡಿಕೊಳ್ಳುತ್ತೇನೆ’ ಎನ್ನಿ. ಬರುವ ಕರೆಗಳಿಗೆಲ್ಲ ಒಬ್ಬರೇ ಉತ್ತರಿಸುವ ವ್ಯವಸ್ಥೆ ಮಾಡಿ, ಮಕ್ಕಳ ಕೈಯಿಂದ ಫೋನು ತೆಗೆದಿಡಿ. ಮರಣ ನೋಂದಣಿ 21 ದಿನದೊಳಗಾದರೆ ಶುಲ್ಕವಿಲ್ಲ. ಸಾವು ನಡೆದ ಊರಿನ ನೋಂದಣಾಧಿಕಾರಿಯಲ್ಲೇ ಅದಾಗಬೇಕು, ಆದ್ದರಿಂದ ಊರಿಗೆ ಹೊರಡುವ ಮೊದಲೇ ಕೇಳಿಕೊಳ್ಳಿ. ದೇಹವೇ ಸಿಗದವರ ಕಷ್ಟ ಇನ್ನೂ ದೊಡ್ಡದು. ಸಾಮಾನ್ಯ ಕಾನೂನಿನಲ್ಲಿ ಏಳು ವರ್ಷ ಕಾಯಬೇಕು. 2013ರ ಉತ್ತರಾಖಂಡ ಪ್ರವಾಹದ ನಂತರವೂ ವಯನಾಡಿನ ನಂತರವೂ ಸರ್ಕಾರಗಳು ಬೇಗ ಪ್ರಮಾಣಪತ್ರ ಕೊಡುವ ವಿಶೇಷ ಕ್ರಮ ತಂದವು. ಅಂಥ ಆದೇಶ ಬಂದಿದೆಯೇ ಎಂದು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ, ಪ್ರತಿ ತೆಗೆಸಿ ಕೊಡುವುದು ಹೂಮಾಲೆಗಿಂತ ದೊಡ್ಡ ಉಪಕಾರ.

ನಿದ್ದೆ, ಊಟ ವಾರಗಟ್ಟಲೆ ಬಿಟ್ಟವರು ಟೆಲಿ-ಮನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಗಲಾಗಲಿ ರಾತ್ರಿಯಾಗಲಿ. ಹದಿಮೂರು ದಿನ ಮನೆ ತುಂಬಿರುತ್ತದೆ, ಆಮೇಲೆ ಖಾಲಿ. ಹೋಗುವುದಿದ್ದರೆ ಮೂರನೆಯ ತಿಂಗಳು ಹೋಗಿ. ಬ್ಯಾಂಕು, ವಿಮೆ, ವಾರಸಾ ಕಾಗದಗಳ ಓಡಾಟ ಜೋರಾಗಿರುವುದು ಆಗಲೇ. ವರ್ಷದ ದಿನ ‘ಈಗ ಹೇಗನಿಸುತ್ತದೆ’ ಎಂದು ಮೈಕು ಹಿಡಿಯುವವರು ಹಿಂದಿನ ವಾರವೇ ಒಂದು ಮೆಸೇಜ್ ಕಳಿಸಿ ಕೇಳಲಿ. ಉತ್ತರ ಬಾರದಿದ್ದರೆ ಬೇಡ ಎಂದೇ ತಿಳಿದು ಆ ಮನೆಯ ಬಾಗಿಲು ತಟ್ಟದಿರಲಿ.