ಕಿಟಕಿಗೆ ಕಟ್ಟಿದ ಪಂಚೆ

ಬೆಳಿಗ್ಗೆ ಅಜ್ಜಿ ಕಿಟಕಿ ಪಕ್ಕ ಕೂತು ಅವರೆಕಾಯಿ ಸುಲೀತಿದ್ರು.
ಬಿಸಿಲು ನೇರ ಮುಖಕ್ಕೆ. ಫೋನ್ ಹಿಡಿದು ನೋಡಿದ್ರೆ ಅರ್ಧ ಮುಖ ಸುಣ್ಣ ಬಳಿದ ಹಾಗೆ, ಇನ್ನರ್ಧ ಕತ್ತಲು.

ತಾತನ ಹಳೇ ಬಿಳಿ ಪಂಚೆ ತಂದು ಕಿಟಕಿ ಸರಳಿಗೆ ಕಟ್ಟಿದೆ. ನಾಲ್ಕು ಬಟ್ಟೆ ಕ್ಲಿಪ್, ಅಷ್ಟೇ.

ಮೂಗಿನ ನೆರಳು ನೋಡ್ತಾನೇ ಇದ್ದೆ. ಚಾಕುವಿನಲ್ಲಿ ಕೊರೆದಂತಿದ್ದ ಅಂಚು ಹಾಗೇ ಕರಗಿಹೋಯ್ತು. ಈಗ ಅಜ್ಜಿಗೆ ಬೆಳಕು ಕೊಡ್ತಿರೋದು ಪುಟ್ಟ ಸೂರ್ಯ ಅಲ್ಲ, ಇಡೀ ಪಂಚೆ. ಬೆಳಕಿನ ಮೂಲ ದೊಡ್ಡದಾಗಿ ಹತ್ತಿರ ಬಂದಷ್ಟೂ ನೆರಳು ಮೆತ್ತಗಾಗುತ್ತೆ ಅಂತ ಎಷ್ಟು ಸಲ ಓದಿದ್ದೆ! ಇವತ್ತು ಕಣ್ಣಾರೆ ಕಂಡೆ.

ಆ ಕಡೆ ಕೆನ್ನೆ ಮಾತ್ರ ಇನ್ನೂ ಕಪ್ಪು. ಅಟ್ಟದಲ್ಲಿ ಟಿವಿ ಪೆಟ್ಟಿಗೆಯ ಥರ್ಮಾಕೋಲ್ ಇತ್ತು. ಬೆಳಕು ಅದಕ್ಕೆ ಬಡಿದು ಕೆನ್ನೆಗೆ ತಿರುಗಲಿ ಅಂತ 3 ಅಡಿ ದೂರದಲ್ಲಿಟ್ಟೆ, ಏನೂ ಆಗಲಿಲ್ಲ. 1 ಅಡಿಗೆ ತಂದೆ. ಕೆನ್ನೆಯ ಸುಕ್ಕುಗಳು ಒಂದೊಂದಾಗಿ ಕಾಣಿಸಿಕೊಂಡವು.

ಮೈಸೂರಲ್ಲಿ ಹುಟ್ಟಿದ ನಮ್ಮ ಸಿನಿಮಾ ಛಾಯಾಗ್ರಾಹಕ ವಿ.ಕೆ. ಮೂರ್ತಿ ನೆನಪಾದ್ರು. 1959ರ ಹಿಂದಿ ಸಿನಿಮಾ 'ಕಾಗಜ್ ಕೆ ಫೂಲ್'ನಲ್ಲಿ ಸ್ಟುಡಿಯೋ ಒಳಗೆ ಬೀಳುವ ಆ ಬೆಳಕಿನ ಕೋಲಿಗೆ ಅವರು ಬಳಸಿದ್ದು ಕನ್ನಡಿಗಳು ಮತ್ತು ಹೊರಗಿನ ಬಿಸಿಲು. ಅದು ಗೊತ್ತಾದಾಗಿನಿಂದ ದೀಪದ ಬೆಳಕು ಮೆತ್ತಗೆ ಮಾಡೋ ಸಾಫ್ಟ್‌ಬಾಕ್ಸ್ ಬೆಲೆ ನೋಡೋದು ಬಿಟ್ಟಿದ್ದೀನಿ.

ಫೋಟೋ ದೊಡ್ಡದು ಮಾಡಿ ನೋಡಿದೆ. ಅಜ್ಜಿಯ ಎರಡೂ ಕಣ್ಣಲ್ಲಿ ಪುಟ್ಟ ಬಿಳಿ ಚೌಕ.
ತಾತನ ಪಂಚೆ.
ಅಜ್ಜಿಗೆ ತೋರಿಸಿದೆ. ಸುಲಿಯೋದು ನಿಲ್ಲಿಸಿ, ತುಂಬಾ ಹೊತ್ತು ನೋಡಿದ್ರು.