ಬಾಯಾರಿಕೆಯನ್ನು ನಂಬುವಂತಿಲ್ಲ

ಜನವರಿ 18, 2025, ಶನಿವಾರ

ಅಪ್ಪನಿಗೆ ನಿನ್ನೆಯಿಂದ ವಾಂತಿ, ಭೇದಿ. ಇದು ನೊರೋವೈರಸ್‌ನಂತಹ ವೈರಾಣುವಿನ ಸೋಂಕಿನಂತೆ ಕಾಣುತ್ತದೆ, ಆ್ಯಂಟಿಬಯಾಟಿಕ್‌ನಿಂದ ಉಪಯೋಗವಿಲ್ಲ, ದೇಹದ ನೀರು ಬತ್ತದಂತೆ ನೋಡಿಕೊಳ್ಳುವುದೇ ಮುಖ್ಯ ಎಂದು ವೈದ್ಯರು ಹೇಳಿದ್ದಾರೆ. ಗಟ್ಟಿಮುಟ್ಟಾದವರಲ್ಲಿ ಒಂದರಿಂದ ಮೂರು ದಿನಗಳಲ್ಲಿ ತಾನಾಗಿಯೇ ಇಳಿಯುವ ಈ ಕಾಯಿಲೆ ವಯಸ್ಸಾದವರ ಜೀವಕ್ಕೇ ಕುತ್ತಾಗಬಲ್ಲದು.

ನೀರು ಬೇಕೇ ಎಂದು ಕೇಳಿದರೆ ಅಪ್ಪ ಬೇಡವೆನ್ನುತ್ತಾರೆ. ಅದು ಹಟವಲ್ಲ. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಮಂದವಾಗುತ್ತದೆ, ದೇಹದಲ್ಲಿರುವ ನೀರಿನ ಪಾಲು ಕಡಿಮೆಯಾಗುತ್ತದೆ, ಮೂತ್ರವನ್ನು ಗಾಢವಾಗಿಸಿ ನೀರನ್ನು ಉಳಿಸಿಕೊಳ್ಳುವ ಮೂತ್ರಪಿಂಡಗಳ ಶಕ್ತಿಯೂ ಕುಗ್ಗುತ್ತದೆ. ಹೀಗಾಗಿ ಅವರಾಗಿ ಕೇಳಲಿ ಎಂದು ಕಾಯುವುದು ಅಪಾಯಕರ. ದೇಹದ ನೀರು ಬತ್ತಿದೆಯೇ ಎಂದು ತಿಳಿಯಲು ಚರ್ಮವನ್ನು ಚಿವುಟಿ ನೋಡುವ ಪರೀಕ್ಷೆಯನ್ನೂ ಈ ವಯಸ್ಸಿನಲ್ಲಿ ನೆಚ್ಚಿಕೊಳ್ಳುವಂತಿಲ್ಲ, ಏಕೆಂದರೆ ಚರ್ಮ ಮೊದಲೇ ಸಡಿಲಗೊಂಡಿರುತ್ತದೆ. ಮೂತ್ರ ತೀರಾ ಕಡಿಮೆಯಾಗುವುದು, ಎದ್ದು ನಿಂತಾಗ ತಲೆ ಸುತ್ತುವುದು, ಮಾತಿನಲ್ಲಿ ಇದ್ದಕ್ಕಿದ್ದಂತೆ ಗೊಂದಲ ಕಾಣಿಸುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಗೊಂದಲವನ್ನು ಮುಪ್ಪಿನ ಮರೆವೆಂದು ತಳ್ಳಿಹಾಕುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಅಪ್ಪ ರಕ್ತದೊತ್ತಡಕ್ಕಾಗಿ ಮೂತ್ರ ಹೆಚ್ಚಿಸುವ ಮಾತ್ರೆಯನ್ನು ನುಂಗುತ್ತಾರೆ. ಭೇದಿಯಿಂದ ನೀರು, ಸೋಡಿಯಂ, ಪೊಟ್ಯಾಸಿಯಂ ಹರಿದುಹೋಗುತ್ತಿರುವಾಗ ಅದೇ ಮಾತ್ರೆ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು, ಹೃದಯದ ಬಡಿತವೂ ಏರುಪೇರಾಗಬಹುದು. ಹಾಗೆಂದು ನಾವಾಗಿ ನಿಲ್ಲಿಸುವಂತೆಯೂ ಇಲ್ಲ. ಆದ್ದರಿಂದ ಎಲ್ಲ ಮಾತ್ರೆಗಳ ಪಟ್ಟಿಯನ್ನು ವೈದ್ಯರಿಗೆ ಓದಿ ಹೇಳಿ, ಯಾವುದನ್ನು ತಡೆಹಿಡಿಯಬೇಕೆಂದು ಕೇಳಿ ಬರೆದುಕೊಂಡೆ.

ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿನಲ್ಲಿ ಕರಗಿಸಿ, ಗುಟುಕು ಗುಟುಕಾಗಿ ಕುಡಿಸುತ್ತಿದ್ದೇನೆ. ಅದರಲ್ಲಿರುವ ಗ್ಲೂಕೋಸ್ ಸೋಡಿಯಂ ಜೊತೆಗೂಡಿ ಕರುಳಿನ ಗೋಡೆಯ ಮೂಲಕ ನೀರನ್ನು ಒಳಗೆಳೆಯುತ್ತದೆ. ಬರಿಯ ನೀರು ಆ ಕೆಲಸವನ್ನು ಅಷ್ಟು ಚೆನ್ನಾಗಿ ಮಾಡಲಾರದು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿದ್ದವರಿಗೆ ಎಷ್ಟು ಕೊಡಬೇಕೆಂಬುದನ್ನು ವೈದ್ಯರೇ ನಿರ್ಧರಿಸಬೇಕು. ಮಲಗಿದಲ್ಲೇ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವ ಭಯವಿರುವುದರಿಂದ ಅಪ್ಪನನ್ನು ಮಗ್ಗುಲಾಗಿಯೇ ಮಲಗಿಸಿದ್ದೇವೆ.

ಅಮ್ಮನಿಗೂ ಎಪ್ಪತ್ತು ದಾಟಿದೆ. ಈ ವೈರಾಣುವಿನ ಕೆಲವೇ ಕಣಗಳು ಸೋಂಕು ತಗುಲಿಸಲು ಸಾಕು, ಆಲ್ಕೋಹಾಲ್ ಸ್ಯಾನಿಟೈಸರ್‌ಗೆ ಅದು ಸುಲಭವಾಗಿ ಬಗ್ಗುವುದಿಲ್ಲ. ಕೈಗಳನ್ನು ಸೋಪು ಹಚ್ಚಿ ಉಜ್ಜಿ ತೊಳೆಯುತ್ತಿದ್ದೇವೆ, ಶೌಚಾಲಯವನ್ನು ಬ್ಲೀಚ್‌ನಿಂದ ಒರೆಸುತ್ತಿದ್ದೇವೆ. ಗುಣವಾದ ಮೇಲೂ ಎರಡು ವಾರ ಅಥವಾ ಇನ್ನೂ ಹೆಚ್ಚು ಕಾಲ ಮಲದಲ್ಲಿ ವೈರಾಣು ಇರಬಹುದಾದ್ದರಿಂದ, ಅಮ್ಮನ ಟವೆಲು, ಲೋಟ, ತಟ್ಟೆಗಳನ್ನು ಅಲ್ಲಿಯವರೆಗೂ ಬೇರೆಯಾಗಿಯೇ ಇಡಲಿದ್ದೇವೆ.