ಹೀಟರ್ ಬೆಂಕಿಗಿಂತ ಮುಂದೆ ಹೋಗಬಾರದು

ಗುಜರಾತಿನ ಬಾಲೋಲ್, ಸಾಂಥಾಲ್‌ನಲ್ಲಿ ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿ ನೆಲದೊಳಕ್ಕೆ ಗಾಳಿ ಒತ್ತಿ, ಕಚ್ಚಾ ಎಣ್ಣೆಯ ಒಂದು ಪಾಲನ್ನು ಅಲ್ಲೇ ಉರಿಸಿ, ಉಳಿದ ಗಟ್ಟಿ ಎಣ್ಣೆಯನ್ನು ಹರಿಯುವಂತೆ ಮಾಡಿತು. ದಾವಣಗೆರೆಯ ನಮ್ಮ ಲ್ಯಾಬಿನಲ್ಲಿ ಅದೇ ಕೆಲಸ 1 ಮೀಟರ್ ಉದ್ದ, 10 ಸೆಂ.ಮೀ. ವ್ಯಾಸದ ಸ್ಟೀಲ್ ಕೊಳವೆಯಲ್ಲಿ. ಹೊಸಬರು ಇದನ್ನು ನೆಲದ ಪುಟ್ಟ ಪ್ರತಿ ಎಂದುಕೊಳ್ಳುತ್ತಾರೆ. ಅಲ್ಲ.

ನೆಲದೊಳಗಿನ 10 ಮೀಟರ್ ದಪ್ಪದ ಎಣ್ಣೆ ಪದರ ಕೊಳವೆಯ ವ್ಯಾಸದ 100 ಪಟ್ಟು. ಶಾಖ ಹರಡುವ ಸಮಯ ಅದರ ವರ್ಗದಂತೆ, 10,000 ಪಟ್ಟು: ಇಲ್ಲಿನ 1 ಗಂಟೆ ಅಲ್ಲಿ ಸುಮಾರು 417 ದಿನ. ಎಣ್ಣೆ ಆಮ್ಲಜನಕದೊಂದಿಗೆ ಉರಿಯುವ ವೇಗ ಮಾತ್ರ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಹಾಗಾಗಿ ಅದೇ ಎಣ್ಣೆ, ಅದೇ ಮರಳು, ಅದೇ ಒತ್ತಡ ಇಟ್ಟು ಕೊಳವೆಯನ್ನು ಎರಡೇ ಪ್ರಶ್ನೆ ಕೇಳಿ: ಎಷ್ಟು ಇಂಧನ ಸುಡುತ್ತದೆ, ಎಷ್ಟು ಗಾಳಿ ಬೇಕು. ಬೆಂಕಿ ಪದರದ ಎಷ್ಟು ಭಾಗಕ್ಕೆ ತಲುಪುತ್ತದೆ ಎಂಬುದಕ್ಕೆ ಇಲ್ಲಿ ಉತ್ತರವಿಲ್ಲ.

ಎಡವುವುದು ಗೋಡೆಯ ಶಾಖದಲ್ಲಿ. ಒಂದು ಘನ ಮೀಟರ್ ಮರಳಿಗೆ ಕೊಳವೆಯಲ್ಲಿ 40 ಚದರ ಮೀಟರ್ ಗೋಡೆ, ಆ ಪದರದಲ್ಲಿ ಬರೀ 0.2. ಆ ನಷ್ಟ ತುಂಬಲು ಪ್ರತಿ 10 ಸೆಂ.ಮೀ.ಗೆ ಕೊಳವೆಯನ್ನು ಸುತ್ತುವ ಒಂದು ಬ್ಯಾಂಡ್ ಹೀಟರ್, ಜೊತೆಗೆ ತಾಪ ಅಳೆಯುವ ಥರ್ಮೊಕಪಲ್ ನಡುವಿನಲ್ಲೊಂದು, ಗೋಡೆಗೊಂದು. ಗೋಡೆ ನಡುವಿಗಿಂತ 5ರಿಂದ 10 ಡಿಗ್ರಿ ಕೆಳಗೇ ಇರಲಿ. 10 ಬಾರ್ ಒತ್ತಡದಲ್ಲಿ ನಡುವಿನ ತಾಪದ ಗೆರೆ 180 ಡಿಗ್ರಿಗಿಂತ ತುಸು ಕೆಳಗೆ ಹಬೆಯಲ್ಲಿ ಒಂದಿಷ್ಟು ಹೊತ್ತು ನಿಂತು, ಆಮೇಲೆ 450 ದಾಟಿ ನೆಗೆಯುತ್ತದೆ. ಗೋಡೆಯ ಗೆರೆ ಮೊದಲೇ ನೆಗೆದರೆ ಬೆಂಕಿಯನ್ನು ಎಳೆಯುತ್ತಿರುವುದು ಹೀಟರ್; ಆ ಪರೀಕ್ಷೆಯನ್ನು ಬಿಟ್ಟುಬಿಡಿ. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದಾಗ ಕಂಟ್ರೋಲರ್ ಒಮ್ಮೆಗೇ ಪೂರ್ತಿ ಶಕ್ತಿ ಕೊಡುತ್ತದೆ, ಅದನ್ನು ನಿಧಾನ ಏರುವಂತೆ ಮೊದಲೇ ಹೊಂದಿಸಿಡಿ.

ಹರಿಹರದ ಹೊಳೆ ಮರಳನ್ನು ತೊಳೆದು ತುಂಬುವ ಆಸೆ ಬೇಡ. ಜೇಡಿ ಹೋದರೆ ಕೋಕ್ (ಎಣ್ಣೆ ಕಾದು ಉಳಿಯುವ, ಬೆಂಕಿಗೆ ಇಂಧನವಾಗುವ ಇಂಗಾಲ) ಕೂರುವ ಮೇಲ್ಮೈಯೂ ಹೋಗುತ್ತದೆ, ಬೆಂಕಿ ಅರ್ಧದಾರಿಯಲ್ಲಿ ಸೊರಗುತ್ತದೆ. ಎಣ್ಣೆ ಬಾವಿಯ ಮರಳು ಸಿಗದಿದ್ದರೆ ಅದರಲ್ಲಿರುವಷ್ಟೇ ಜೇಡಿ ಬೆರೆಸಿ, 5 ಸೆಂ.ಮೀ. ಪದರಗಳಾಗಿ ದಮ್ಮಸ್ಸು ಮಾಡಿ. ಸಡಿಲ ಬಿಟ್ಟ ಕಡೆ ಗಾಳಿ ಕಳ್ಳದಾರಿ ಹಿಡಿಯುತ್ತದೆ.

ಗಾಳಿ ನಿಮಿಷಕ್ಕೆ ಸುಮಾರು 5 ಲೀಟರ್. ಹೊರಬರುವ ಅನಿಲದಲ್ಲಿ ಇಂಗಾಲದ ಡೈಆಕ್ಸೈಡ್ 13, ಮೊನಾಕ್ಸೈಡ್ 3, ಆಮ್ಲಜನಕ 1, ಸಾರಜನಕ 83 ಶೇಕಡಾ ಇದ್ದರೆ ಇಂಧನದ ಜಲಜನಕ–ಇಂಗಾಲ ಅನುಪಾತ 1.6ರ ಆಸುಪಾಸು, ಬೆಂಕಿ ಚೆನ್ನಾಗಿದೆ. ಆ ಅನುಪಾತ 3 ದಾಟಿತೆಂದರೆ ಆಮ್ಲಜನಕ ಎಣ್ಣೆಗೆ ಅಂಟಿಕೊಳ್ಳುತ್ತಿದೆ, ಉರಿಯುತ್ತಿಲ್ಲ. ಆಗ ಗಾಳಿ ಕಡಿಮೆ ಮಾಡಬೇಡಿ, ಹೆಚ್ಚಿಸಿ.

ಮುಗಿದ ಮೇಲೆ ಸಾರಜನಕ ಹಾಯಿಸಿ ತಣಿಸಿದ ಬಳಿಕವೇ ಕೊಳವೆಯ ತುದಿಯ ಮುಚ್ಚಳದ ಫ್ಲಾಂಜ್ ಬಿಚ್ಚಿ.